ಕಚೇರಿ ಜಾಲದಲ್ಲಿ ಸರದಿಯ ನಿರ್ಧಾರ: ಸಾಧನದ ವಿಳಾಸವನ್ನು ಆಧರಿಸಿ ಆದ್ಯತೆ ನೀಡುವ ಸ್ವಿಚ್

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸೇವಾ ಕೌಂಟರಿನ ಮುಂದೆ ಒಂದು ದಿನದ ಕೂಲಿಯನ್ನು ಬಿಟ್ಟು ಬಂದ ಅರ್ಜಿದಾರರು ನಿಂತಿರುತ್ತಾರೆ. ಗಣಕಯಂತ್ರದ ಪರದೆಯ ಮೇಲೆ ಪುಟವು ತೆರೆಯದೆ ಚಿಹ್ನೆಯೊಂದು ಸುತ್ತುತ್ತಲೇ ಇರುತ್ತದೆ. ಮೊಬೈಲಿಗೆ ಬಂದ ಓಟಿಪಿಯ ಅವಧಿ ಮುಗಿಯುತ್ತದೆ, ಮತ್ತೊಮ್ಮೆ ಕೋರಬೇಕಾಗುತ್ತದೆ. ಕೊನೆಗೆ "ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕೇಳಿಬರುತ್ತದೆ. ಅದೇ ಹೊತ್ತಿನಲ್ಲಿ, ಅದೇ ಕಟ್ಟಡದಲ್ಲಿ, ಯಾರದೋ ಜೇಬಿನಲ್ಲಿರುವ ಮೊಬೈಲು ಮದುವೆಯ ನೂರಾರು ಚಿತ್ರಗಳನ್ನು ತಾನಾಗಿಯೇ ಅಂತರ್ಜಾಲಕ್ಕೆ ಏರಿಸುತ್ತಿರಬಹುದು. ಎರಡೂ ಕೆಲಸಗಳು ಒಂದೇ ಸಂಪರ್ಕದ ಮೂಲಕ ಸಾಗುತ್ತವೆ. ಯಾವುದು ಮೊದಲು ಹೋಗಬೇಕು ಎಂಬುದನ್ನು ಯಾರೂ ನಿರ್ಧರಿಸಿರುವುದಿಲ್ಲ.

ಆ ನಿರ್ಧಾರವನ್ನು ಕೈಗೊಳ್ಳಲು ಮತ್ತು ಅದನ್ನು ಯಂತ್ರದಿಂದ ಜಾರಿ ಮಾಡಿಸಲು ಸಾಧ್ಯವಿದೆ. ಅದಕ್ಕಾಗಿ ಬಳಸುವ ಉಪಕರಣಗಳಲ್ಲಿ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೂಚನೆಗಳನ್ನು ಕೊಟ್ಟು ನಡೆಸಬಹುದಾದ ಸ್ವಿಚ್, ಒಂದಾಗಿದೆ. ಈ ಉಪಕರಣದ ಖರೀದಿ ಪ್ರಸ್ತಾವನೆಯು ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಅದರ ಕಾರ್ಯವಿಧಾನ, ಪ್ರಯೋಜನ ಮತ್ತು ಮಿತಿಗಳನ್ನು ಅರಿತು ಅಭಿಪ್ರಾಯ ನೀಡಲು ಅನುಕೂಲವಾಗಲಿ ಎಂಬುದು ಈ ಪಾಠದ ಉದ್ದೇಶವಾಗಿದೆ.

2. ಕಚೇರಿಯ ಜಾಲದ ರಚನೆ

ಕೇಂದ್ರ ಸರ್ಕಾರವು 2011ರಲ್ಲಿ ಅನುಮೋದಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಯೇ ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ಕೇಬಲ್ ಮೂಲಕ ಅಂತರ್ಜಾಲ ಸಂಪರ್ಕವನ್ನು ತಲುಪಿಸುವುದು ಅದರ ಗುರಿ. ಆ ಎಳೆಯು ಕಚೇರಿಯಲ್ಲಿ ಓಎನ್‌ಟಿ ಎಂಬ ಪೆಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ. ಬೆಳಕಿನ ಸಂಕೇತಗಳನ್ನು ವಿದ್ಯುತ್ ಸಂಕೇತಗಳನ್ನಾಗಿ ಪರಿವರ್ತಿಸುವುದು ಇದರ ಕೆಲಸ. ಇದರ ನಂತರ ರೂಟರ್ ಇರುತ್ತದೆ. ಇದು ಕಚೇರಿಯ ಒಳಗಿನ ಜಾಲವನ್ನು ಹೊರಗಿನ ಅಂತರ್ಜಾಲದೊಡನೆ ಬೆಸೆಯುತ್ತದೆ. ಕೆಲವೆಡೆ ಇವೆರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ರೂಟರಿನಿಂದ ಬಂದ ಒಂದು ತಂತಿಯನ್ನು ಹಲವು ಸಾಧನಗಳಿಗೆ ಹಂಚುವ ಉಪಕರಣವೇ ಸ್ವಿಚ್. ಅದರ ಮುಖದಲ್ಲಿರುವ ಒಂದೊಂದು ರಂಧ್ರಕ್ಕೂ ಪೋರ್ಟ್ ಎಂದು ಹೆಸರು. ಸೇವಾ ಕೌಂಟರಿನ ಗಣಕಯಂತ್ರ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಗಣಕಯಂತ್ರ, ಡೇಟಾ ಎಂಟ್ರಿ ಆಪರೇಟರರ ಗಣಕಯಂತ್ರ, ಮುದ್ರಣಯಂತ್ರ, ಸಿಸಿಟಿವಿ ಕ್ಯಾಮೆರಾಗಳು, ಅರಿವು ಕೇಂದ್ರದ ಗಣಕಯಂತ್ರಗಳು, ವೈಫೈ ಪೆಟ್ಟಿಗೆ ಇವೆಲ್ಲವೂ ಒಂದೊಂದು ಪೋರ್ಟಿಗೆ ಜೋಡಣೆಯಾಗಿರುತ್ತವೆ.

ಸ್ವಿಚ್‌ಗಳಲ್ಲಿ ಎರಡು ಬಗೆ. ಸಾಮಾನ್ಯ ಸ್ವಿಚ್ ತನಗೆ ಬಂದ ಮಾಹಿತಿಯನ್ನು ಬಂದ ಕ್ರಮದಲ್ಲಿಯೇ ಮುಂದಕ್ಕೆ ಕಳುಹಿಸುತ್ತದೆ; ಅದಕ್ಕೆ ಸೂಚನೆ ನೀಡುವ ಮಾರ್ಗವಿರುವುದಿಲ್ಲ. ಮ್ಯಾನೇಜ್ಡ್ ಸ್ವಿಚ್‌ನ ಒಳಗೆ ಒಂದು ಸಣ್ಣ ನಿರ್ವಹಣಾ ವ್ಯವಸ್ಥೆ ಇರುತ್ತದೆ. ತಂತ್ರಜ್ಞರು ಗಣಕಯಂತ್ರದ ಮೂಲಕ ಅದರೊಳಗೆ ಪ್ರವೇಶಿಸಿ, ಯಾವ ಮಾಹಿತಿ ಮೊದಲು ಹೋಗಬೇಕು, ಯಾವುದಕ್ಕೆ ಎಷ್ಟು ವೇಗದ ಮಿತಿ ಇರಬೇಕು ಎಂಬ ನಿಯಮಗಳನ್ನು ಬರೆದಿಡಬಹುದು.

3. ಸಾಧನದ ವಿಳಾಸ ಎಂದರೇನು

ಜಾಲಕ್ಕೆ ಜೋಡಿಸಬಹುದಾದ ಪ್ರತಿಯೊಂದು ಸಾಧನಕ್ಕೂ ತಯಾರಿಕೆಯ ಹಂತದಲ್ಲಿಯೇ ಒಂದು ವಿಳಾಸವನ್ನು ನೀಡಲಾಗಿರುತ್ತದೆ. ಇದನ್ನು ಮ್ಯಾಕ್ ವಿಳಾಸ ಅಥವಾ ಭೌತಿಕ ವಿಳಾಸ ಎಂದು ಕರೆಯುತ್ತಾರೆ. ಇದರ ಉದ್ದ 48 ಬಿಟ್. ಬರೆಯುವಾಗ ಎರಡೆರಡು ಅಂಕಿಗಳ ಆರು ಜೋಡಿಗಳಾಗಿ ಬರೆಯುತ್ತಾರೆ. ಈ ಪಾಠಕ್ಕಾಗಿ ಕಲ್ಪಿಸಿಕೊಂಡ ಒಂದು ವಿಳಾಸ ಹೀಗಿದೆ: 02-10-45-73-18-60. ವಾಸ್ತವದ ವಿಳಾಸಗಳಲ್ಲಿ 0ಯಿಂದ 9ರವರೆಗಿನ ಅಂಕಿಗಳ ಜೊತೆಗೆ ಇಂಗ್ಲಿಷಿನ ಎಯಿಂದ ಎಫ್‌ವರೆಗಿನ ಆರು ಅಕ್ಷರಗಳೂ ಬರುತ್ತವೆ.

ಕಾರ್ಖಾನೆಯಲ್ಲಿ ನೀಡಿದ ವಿಳಾಸದ ಮೊದಲ ಮೂರು ಜೋಡಿಗಳು ಸಾಮಾನ್ಯವಾಗಿ ತಯಾರಕ ಸಂಸ್ಥೆಯನ್ನು ಸೂಚಿಸುತ್ತವೆ. ಈ ಸಂಖ್ಯೆಗಳನ್ನು ಸಂಸ್ಥೆಗಳಿಗೆ ಹಂಚುವ ಕೆಲಸವನ್ನು ಐಇಇಇ ಎಂಬ ಅಂತರರಾಷ್ಟ್ರೀಯ ತಾಂತ್ರಿಕ ಸಂಸ್ಥೆಯು ನಿರ್ವಹಿಸುತ್ತದೆ. ಉಳಿದ ಮೂರು ಜೋಡಿಗಳನ್ನು ತಯಾರಕರು ತಮ್ಮ ಒಂದೊಂದು ಸಾಧನಕ್ಕೂ ಬೇರೆ ಬೇರೆಯಾಗಿ ನೀಡುತ್ತಾರೆ.

ಕಚೇರಿಯ ಒಳಗಿನ ಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಕಟ್ಟುಗಳಾಗಿ ಚಲಿಸುತ್ತದೆ. ಪ್ರತಿ ಕಟ್ಟಿನ ಮೇಲೂ ಕಳುಹಿಸಿದ ಸಾಧನದ ವಿಳಾಸ ಮತ್ತು ತಲುಪಬೇಕಾದ ಸಾಧನದ ವಿಳಾಸ ಎರಡೂ ಇರುತ್ತವೆ. ಸ್ವಿಚ್ ಈ ವಿಳಾಸಗಳನ್ನು ಓದಿ, ಯಾವ ಸಾಧನವು ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿಯನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಬಹುತೇಕ ಸ್ವಿಚ್‌ಗಳಲ್ಲಿ, ಒಂದು ಸಾಧನವು 300 ಸೆಕೆಂಡುಗಳ ಕಾಲ ಏನನ್ನೂ ಕಳುಹಿಸದಿದ್ದರೆ ಅದರ ಹೆಸರು ಪಟ್ಟಿಯಿಂದ ಹೋಗುತ್ತದೆ. ಮತ್ತೆ ಕಳುಹಿಸಿದೊಡನೆ ಸೇರುತ್ತದೆ. ಹೀಗೆ ವಿಳಾಸವನ್ನು ಓದುವುದು ಸ್ವಿಚ್‌ನ ನಿತ್ಯದ ಕೆಲಸವೇ ಆಗಿರುವುದರಿಂದ, ಅದೇ ವಿಳಾಸವನ್ನು ಆಧರಿಸಿ ಆದ್ಯತೆ ನೀಡುವುದೂ ಸಾಧ್ಯವಾಗುತ್ತದೆ.

4. ಆದ್ಯತೆ ಹೇಗೆ ಜಾರಿಯಾಗುತ್ತದೆ

ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿಯ ಕೆಲಸವನ್ನು ಸದಸ್ಯರು ಬಲ್ಲರು. ನೀರುಗಂಟಿಯು ಕೆರೆಯ ನೀರನ್ನು ಹೆಚ್ಚಿಸಲಾರನು. ಇರುವ ನೀರನ್ನು ಯಾವ ಗದ್ದೆಗೆ ಮೊದಲು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಊರಿನವರು ಒಪ್ಪಿದ ಕ್ರಮದಂತೆ ಅವನು ನಡೆಸುತ್ತಾನೆ. ಆದ್ಯತೆ ನೀಡುವ ಸ್ವಿಚ್‌ನ ಕೆಲಸವೂ ಇಷ್ಟೇ. ಅದು ಸಂಪರ್ಕದ ವೇಗವನ್ನು ಹೆಚ್ಚಿಸುವುದಿಲ್ಲ. ಕಾಯುವವರು ಯಾರು ಎಂಬುದನ್ನು ಬದಲಿಸುತ್ತದೆ.

ಸ್ವಿಚ್‌ನ ಪ್ರತಿ ಪೋರ್ಟಿನಲ್ಲಿಯೂ ಹೊರಹೋಗುವ ಕಟ್ಟುಗಳು ಕಾಯಲು ಸಾಲುಗಳಿರುತ್ತವೆ. ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು. ತಂತ್ರಜ್ಞರು ಬರೆಯುವ ನಿಯಮಕ್ಕೆ ಎರಡು ಭಾಗಗಳಿವೆ. ಮೊದಲನೆಯದು ಗುರುತಿಸುವಿಕೆ: ಇಂತಹ ಮ್ಯಾಕ್ ವಿಳಾಸದಿಂದ ಬಂದ ಕಟ್ಟು ಇಂತಹ ವರ್ಗಕ್ಕೆ ಸೇರಿದೆ. ಎರಡನೆಯದು ಸಾಲಿಗೆ ಸೇರಿಸುವಿಕೆ: ಈ ವರ್ಗದ ಕಟ್ಟುಗಳು ಇಂತಹ ಸಾಲಿನಲ್ಲಿ ನಿಲ್ಲಬೇಕು.

ಆದ್ಯತೆಯ ಮಟ್ಟವನ್ನು ಕಟ್ಟಿನ ಮೇಲೆ ಮುದ್ರೆಯಂತೆ ಬರೆಯುವ ಪದ್ಧತಿಯೂ ಇದೆ. 802.1ಕ್ಯೂ ಎಂಬ ಮಾನಕದಲ್ಲಿ ಇದಕ್ಕಾಗಿ 3 ಬಿಟ್‌ಗಳನ್ನು ಮೀಸಲಿಡಲಾಗಿದೆ. ಆದ್ದರಿಂದ 0ಯಿಂದ 7ರವರೆಗೆ ಒಟ್ಟು ಎಂಟು ಮಟ್ಟಗಳು ದೊರೆಯುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾನಕವು ಸೂಚಿಸುವ ಕ್ರಮದಲ್ಲಿ 0 ಎಂಬುದು ಸಾಮಾನ್ಯ ಸಂಚಾರಕ್ಕೆ ಮತ್ತು 1 ಎಂಬುದು ಅದಕ್ಕಿಂತಲೂ ಕೆಳಗಿನ ಹಿನ್ನೆಲೆ ಸಂಚಾರಕ್ಕೆ ಮೀಸಲಾಗಿದೆ. 1 ದೊಡ್ಡ ಸಂಖ್ಯೆಯೆಂದು ಭಾವಿಸಿ ಕೌಂಟರಿನ ಗಣಕಯಂತ್ರಕ್ಕೆ ಆ ಮಟ್ಟವನ್ನು ನೀಡಿದರೆ, ಈ ಕ್ರಮವನ್ನು ಪಾಲಿಸುವ ಸ್ವಿಚ್‌ನಲ್ಲಿ ಅದು ಎಲ್ಲರಿಗಿಂತ ಹಿಂದೆ ಬೀಳುತ್ತದೆ.

ಸಾಲುಗಳನ್ನು ಖಾಲಿ ಮಾಡುವ ಕ್ರಮಗಳು ಮುಖ್ಯವಾಗಿ ಎರಡು:

ಅ) ಕಟ್ಟುನಿಟ್ಟಿನ ಆದ್ಯತೆ: ಮೇಲಿನ ಸಾಲಿನಲ್ಲಿ ಒಂದು ಕಟ್ಟು ಇದ್ದರೂ ಕೆಳಗಿನ ಸಾಲು ಕಾಯಬೇಕು. ಧ್ವನಿ ಮತ್ತು ವೀಡಿಯೊ ಸಭೆಗಳಂತಹ, ವಿಳಂಬವನ್ನು ಸಹಿಸದ ಕೆಲಸಗಳಿಗೆ ಇದು ಹೊಂದುತ್ತದೆ. ಆದರೆ ಮೇಲಿನ ಸಾಲು ಎಂದಿಗೂ ಬರಿದಾಗದಿದ್ದರೆ ಕೆಳಗಿನವರಿಗೆ ಏನೂ ದೊರೆಯುವುದಿಲ್ಲ. ಕಾಲುವೆಯ ಕೊನೆಯಂಚಿನ ರೈತರ ಪಾಡು ಇಲ್ಲಿಯೂ ಉಂಟಾಗುತ್ತದೆ.

ಆ) ಪಾಲಿನ ಆದ್ಯತೆ: ಪ್ರತಿ ಸಾಲಿಗೂ ಒಂದು ಪಾಲನ್ನು ನಿಗದಿಪಡಿಸಿ, ಸರದಿಯಂತೆ ಎಲ್ಲ ಸಾಲುಗಳಿಂದಲೂ ಕಟ್ಟುಗಳನ್ನು ಕಳುಹಿಸಲಾಗುತ್ತದೆ. ದೊಡ್ಡ ಪಾಲಿನವರಿಗೆ ಹೆಚ್ಚು, ಸಣ್ಣ ಪಾಲಿನವರಿಗೆ ಕಡಿಮೆ, ಯಾರಿಗೂ ಸೊನ್ನೆಯಿಲ್ಲ. ಒಂದು ಸಾಲು ಖಾಲಿಯಿದ್ದರೆ ಅದರ ಪಾಲು ವ್ಯರ್ಥವಾಗದೆ ಉಳಿದವರಿಗೆ ಸಲ್ಲುತ್ತದೆ.

5. ಸಾಲು ಬೆಳೆಯುವ ಸ್ಥಳ: ಪಾಠದ ಮುಖ್ಯ ಅಂಶ

ಸ್ವಿಚ್‌ನಲ್ಲಿ ಆದ್ಯತೆಯನ್ನು ಬರೆದ ಮೇಲೂ ಕೌಂಟರಿನ ನಿಧಾನಗತಿ ಬದಲಾಗದಿರುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಸಾಲು ಎಲ್ಲಿ ಬೆಳೆಯುತ್ತದೆಯೋ ಅಲ್ಲಿ ಮಾತ್ರ ಸರದಿಯನ್ನು ಬದಲಿಸಬಹುದು. ತೂಬಿನ ಬಳಿ ನಿಂತ ನೀರುಗಂಟಿಯು ಕೆಳಗಿನ ಕವಲಿನಲ್ಲಿ ಉಂಟಾದ ಜಗಳವನ್ನು ಬಿಡಿಸಲಾರನು.

ಒಂದು ಲೆಕ್ಕವನ್ನು ಗಮನಿಸಬಹುದು. ಸ್ವಿಚ್‌ನಿಂದ ರೂಟರಿಗೆ ಹೋಗುವ ತಂತಿಯ ವೇಗ ಸೆಕೆಂಡಿಗೆ 1000 ಮೆಗಾಬಿಟ್ ಎಂದೂ, ಹೊರಗಿನ ಸಂಪರ್ಕದ ಏರು ವೇಗ ಸೆಕೆಂಡಿಗೆ 10 ಮೆಗಾಬಿಟ್ ಎಂದೂ ಇಟ್ಟುಕೊಳ್ಳೋಣ. ಮೊಬೈಲೊಂದು ಚಿತ್ರಗಳನ್ನು ಏರಿಸಲು ಆರಂಭಿಸುತ್ತದೆ. ಸ್ವಿಚ್ ಆ ಕಟ್ಟುಗಳನ್ನು ಕ್ಷಣಮಾತ್ರದಲ್ಲಿ ರೂಟರಿಗೆ ದಾಟಿಸಿಬಿಡುತ್ತದೆ. ಸ್ವಿಚ್‌ನಲ್ಲಿ ಸಾಲೇ ಬೆಳೆಯುವುದಿಲ್ಲ. ಕಟ್ಟುಗಳು ಬಂದು ರಾಶಿಯಾಗುವುದು ರೂಟರಿನಲ್ಲಿ ಅಥವಾ ಓಎನ್‌ಟಿಯಲ್ಲಿ. ಅಲ್ಲಿ 10 ಲಕ್ಷ ಬೈಟ್‌ಗಳಷ್ಟು, ಅಂದರೆ 80 ಲಕ್ಷ ಬಿಟ್‌ಗಳಷ್ಟು ಮಾಹಿತಿ ಕಾಯುತ್ತಿದ್ದರೆ, ಅದು ಖಾಲಿಯಾಗಲು 0.8 ಸೆಕೆಂಡು ಬೇಕು. ಕೌಂಟರಿನಿಂದ ಹೊರಟ ಕೋರಿಕೆಯು ಆ ರಾಶಿಯ ಹಿಂದೆ ನಿಲ್ಲಬೇಕು. ಒಂದು ಅರ್ಜಿಯ ಪುಟವು ತೆರೆಯಲು ಒಂದರ ನಂತರ ಒಂದರಂತೆ ಹತ್ತು ಕೋರಿಕೆಗಳು ಬೇಕಾದರೆ, ಕಾಯುವಿಕೆಯೇ 8 ಸೆಕೆಂಡುಗಳಾಗುತ್ತದೆ. ಅರ್ಜಿಯೊಂದಕ್ಕೆ ಇಂತಹ ಹಲವು ಪುಟಗಳಿದ್ದರೆ ಓಟಿಪಿಯ ಅವಧಿ ಮೀರುವುದು ಆಶ್ಚರ್ಯವಲ್ಲ.

ಪರಿಹಾರವೆಂದರೆ ಸಾಲನ್ನು ಸ್ವಿಚ್‌ಗೆ ತರುವುದು. ರೂಟರಿನ ಕಡೆಗಿನ ಪೋರ್ಟಿನ ಹೊರಹರಿವಿಗೆ ಹೊರಗಿನ ಸಂಪರ್ಕಕ್ಕಿಂತ ತುಸು ಕಡಿಮೆ ಮಿತಿಯನ್ನು ವಿಧಿಸಬೇಕು. ಮೇಲಿನ ಉದಾಹರಣೆಯಲ್ಲಿ 9 ಮೆಗಾಬಿಟ್. ಆಗ ರೂಟರಿನಲ್ಲಿ ರಾಶಿ ಬೆಳೆಯುವುದಿಲ್ಲ. ಕಾಯುವ ಕಟ್ಟುಗಳೆಲ್ಲ ಸ್ವಿಚ್‌ನ ಸಾಲುಗಳಲ್ಲಿ ನಿಲ್ಲುತ್ತವೆ ಮತ್ತು ಬರೆದ ಆದ್ಯತೆಯು ಜಾರಿಗೆ ಬರುತ್ತದೆ. ಮೇಲಿನ ಸಾಲಿನಲ್ಲಿರುವ ಕೌಂಟರಿನ ಕಟ್ಟು, ಆಗಲೇ ಹೊರಡುತ್ತಿರುವ ಒಂದು ಕಟ್ಟು ಮುಗಿಯುವವರೆಗೆ ಮಾತ್ರ ಕಾಯಬೇಕಾಗುತ್ತದೆ. 1500 ಬೈಟ್‌ಗಳ ಒಂದು ಕಟ್ಟು 9 ಮೆಗಾಬಿಟ್ ವೇಗದಲ್ಲಿ ಹೊರಡಲು ಸುಮಾರು 1.3 ಮಿಲಿಸೆಕೆಂಡು ಸಾಕು. 0.8 ಸೆಕೆಂಡಿಗೂ ಇದಕ್ಕೂ ಇರುವ ಅಂತರ ಸುಮಾರು 600 ಪಟ್ಟು. ಇದಕ್ಕಾಗಿ ಬಿಟ್ಟುಕೊಟ್ಟದ್ದು ವೇಗದ ಹತ್ತನೆಯ ಒಂದು ಭಾಗ ಮಾತ್ರ.

ಕಚೇರಿಯಲ್ಲಿ ಈಗಾಗಲೇ ಇರುವ ರೂಟರಿನಲ್ಲಿ ಆದ್ಯತೆಯ ಸೌಲಭ್ಯವಿದ್ದರೆ, ಅದನ್ನೇ ಮೊದಲು ಬಳಸಿ ನೋಡುವುದು ಸೂಕ್ತ. ಆಗ ಹೊಸ ಖರೀದಿಯ ಅಗತ್ಯವೇ ಬಾರದಿರಬಹುದು.

6. ಇಳಿಹರಿವಿನ ವಿಷಯ

ಹೊರಗಿನಿಂದ ಒಳಗೆ ಬರುವ ಮಾಹಿತಿಯ ಸಾಲು ಸೇವೆ ಒದಗಿಸುವವರ ತುದಿಯಲ್ಲಿ ಬೆಳೆಯುತ್ತದೆ. ಕಚೇರಿಯ ಸ್ವಿಚ್ ಆ ಸಾಲನ್ನು ನೇರವಾಗಿ ಮುಟ್ಟಲಾರದು. ಮ್ಯಾಕ್ ವಿಳಾಸವು ರೂಟರನ್ನು ದಾಟಿ ಹೊರಗೆ ಹೋಗುವುದೂ ಇಲ್ಲ. ಆದ್ದರಿಂದ ಹೊರಗಿನ ಜಾಲಕ್ಕೆ ಕೌಂಟರಿನ ಗಣಕಯಂತ್ರ ಯಾವುದು, ಮೊಬೈಲು ಯಾವುದು ಎಂಬ ಭೇದ ಈ ವಿಳಾಸದಿಂದ ತಿಳಿಯುವುದಿಲ್ಲ.

ಆದರೂ ಒಂದು ಪರೋಕ್ಷ ಮಾರ್ಗವಿದೆ. ವೈಫೈ ಪೆಟ್ಟಿಗೆಯಿರುವ ಪೋರ್ಟಿಗೆ ಇಳಿಹರಿವಿನ ಮಿತಿಯನ್ನು ವಿಧಿಸಿದರೆ, ಅಲ್ಲಿಗೆ ಬರುವ ಕಟ್ಟುಗಳು ನಿಧಾನವಾಗುತ್ತವೆ. ಕಳುಹಿಸುವ ಸರ್ವರ್‌ಗಳು ತಮ್ಮ ಕಟ್ಟುಗಳು ತಲುಪುತ್ತಿರುವ ವೇಗವನ್ನು ಗಮನಿಸಿ ಕಳುಹಿಸುವ ವೇಗವನ್ನು ತಾವೇ ತಗ್ಗಿಸುತ್ತವೆ. ಹೀಗೆ ಹೊರಗಿನ ಸಾಲೂ ಕ್ರಮೇಣ ಕರಗುತ್ತದೆ. ಆದರೆ ಇಂತಹ ಮಿತಿಯು ಕೌಂಟರು ಖಾಲಿಯಿರುವಾಗಲೂ ಜಾರಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

7. ವಿಳಾಸ ಆಧಾರಿತ ಪದ್ಧತಿಯ ಮಿತಿಗಳು

ಮೊದಲನೆಯದಾಗಿ, ಮೊಬೈಲುಗಳ ವಿಳಾಸ ಸ್ಥಿರವಾಗಿರುವುದಿಲ್ಲ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದೀಚೆಗೆ, ಬಳಕೆದಾರರ ಖಾಸಗಿತನದ ರಕ್ಷಣೆಗಾಗಿ, ಮೊಬೈಲುಗಳು ವೈಫೈ ಜಾಲಗಳಲ್ಲಿ ಕಾರ್ಖಾನೆಯ ವಿಳಾಸದ ಬದಲು ತಾವೇ ರಚಿಸಿದ ವಿಳಾಸವನ್ನು ಬಳಸುವುದು ರೂಢಿಯಾಗಿದೆ. ಇಂತಹ ವಿಳಾಸವನ್ನು ಗುರುತಿಸುವ ಸುಲಭ ಉಪಾಯವಿದೆ: ಅದರ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇರುತ್ತದೆ. ಮೇಲೆ ಕಲ್ಪಿಸಿಕೊಂಡ ವಿಳಾಸದಲ್ಲಿ ಎರಡನೆಯ ಅಂಕಿ 2 ಆಗಿರುವುದನ್ನು ಸದಸ್ಯರು ಗಮನಿಸಬಹುದು. ಆದ್ದರಿಂದ ಆದ್ಯತೆಯ ಪಟ್ಟಿಯಲ್ಲಿ ತಂತಿಯಿಂದ ಜೋಡಿಸಿದ ಕಚೇರಿಯ ಸಾಧನಗಳನ್ನು ಮಾತ್ರ ಸೇರಿಸುವುದು ಸೂಕ್ತ. ಸಾರ್ವಜನಿಕರ ಮೊಬೈಲುಗಳ ವಿಳಾಸಗಳನ್ನು ಸಂಗ್ರಹಿಸುವ ಅಗತ್ಯವೇ ಇಲ್ಲ; ಪಟ್ಟಿಯಲ್ಲಿ ಇಲ್ಲದ ಸಾಧನಗಳೆಲ್ಲವೂ ತಾವಾಗಿಯೇ ಸಾಮಾನ್ಯ ಸಾಲಿಗೆ ಸೇರುವಂತೆ ನಿಯಮವನ್ನು ಬರೆದರೆ ಸಾಕು.

ಎರಡನೆಯದಾಗಿ, ವಿಳಾಸವು ಗುರುತಿನ ಚೀಟಿಯಲ್ಲ. ಒಂದು ಗಣಕಯಂತ್ರದ ವಿಳಾಸವನ್ನು ಮತ್ತೊಂದರಲ್ಲಿ ನಮೂದಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಸರದಿಯನ್ನು ನಿರ್ಧರಿಸಲು ವಿಳಾಸ ಸಾಕಾಗುತ್ತದೆ. ಭದ್ರತೆಗೆ ಅದೊಂದನ್ನೇ ನೆಚ್ಚಿಕೊಳ್ಳಬಾರದು.

ಮೂರನೆಯದಾಗಿ, ವಿಳಾಸವು ಜಾಲದ ಜೋಡಣೆಯ ಭಾಗಕ್ಕೆ ಸೇರಿದ್ದು, ಮೇಜಿನ ಮೇಲಿನ ಯಂತ್ರಕ್ಕಲ್ಲ. ಮದರ್‌ಬೋರ್ಡ್ ಬದಲಾದರೆ ಅಥವಾ ಯುಎಸ್‌ಬಿ ಜೋಡಣೆಯನ್ನು ಬಳಸಿದರೆ ವಿಳಾಸವೂ ಬದಲಾಗುತ್ತದೆ. ದುರಸ್ತಿಯ ಮರುದಿನದಿಂದ ಕೌಂಟರು ನಿಧಾನವಾದರೆ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ.

ನಾಲ್ಕನೆಯದಾಗಿ, ವೈಫೈ ಪೆಟ್ಟಿಗೆಯು ರೂಟರಿನಂತೆ ಕೆಲಸ ಮಾಡುತ್ತಿದ್ದರೆ, ಅದರ ಹಿಂದಿರುವ ಎಲ್ಲ ಸಾಧನಗಳೂ ಸ್ವಿಚ್‌ಗೆ ಆ ಪೆಟ್ಟಿಗೆಯ ಒಂದೇ ವಿಳಾಸದಿಂದ ಕಾಣುತ್ತವೆ. ಅವುಗಳ ನಡುವೆ ಭೇದ ಮಾಡುವುದು ಸ್ವಿಚ್‌ಗೆ ಸಾಧ್ಯವಿಲ್ಲ.

ಸಾಧನಗಳು ತಮ್ಮ ಸ್ಥಳದಿಂದ ಕದಲದಿದ್ದರೆ, ವಿಳಾಸದ ಬದಲು ಪೋರ್ಟಿಗೇ ಆದ್ಯತೆ ನೀಡುವುದು ಹೆಚ್ಚು ಸರಳ. ಗಣಕಯಂತ್ರಗಳು ಕೊಠಡಿಯಿಂದ ಕೊಠಡಿಗೆ ಹೋಗುತ್ತಿದ್ದರೆ, ಅಥವಾ ಒಂದೇ ಪೋರ್ಟಿನ ಕೆಳಗೆ ಸಣ್ಣ ಸ್ವಿಚ್ ಇಟ್ಟು ಹಲವು ಸಾಧನಗಳನ್ನು ಜೋಡಿಸಿದ್ದರೆ, ಆಗ ವಿಳಾಸ ಆಧಾರಿತ ಪದ್ಧತಿಯೇ ಉಪಯುಕ್ತ.

8. ಒಂದು ಮಾದರಿ ಹಂಚಿಕೆ

ತಿಳುವಳಿಕೆಗಾಗಿ ಕಲ್ಪಿಸಿಕೊಂಡ ಒಂದು ಕಚೇರಿಯಲ್ಲಿ ಏರುಹರಿವಿನ ಮಿತಿಯನ್ನು 9 ಮೆಗಾಬಿಟ್‌ಗೆ ನಿಗದಿಪಡಿಸಿದೆ. ಸಾಧನಗಳನ್ನು ಹೀಗೆ ವಿಂಗಡಿಸಬಹುದು:

ಮೊದಲ ವರ್ಗ: ವೀಡಿಯೊ ಸಭೆಯ ಉಪಕರಣ. ಕಟ್ಟುನಿಟ್ಟಿನ ಆದ್ಯತೆ; ಆದರೆ 3 ಮೆಗಾಬಿಟ್‌ನ ಮೇಲ್ಮಿತಿ.

ಎರಡನೆಯ ವರ್ಗ: ಸೇವಾ ಕೌಂಟರು, ಇ-ಸ್ವತ್ತು, ಪಂಚತಂತ್ರ ಮತ್ತು ಲೆಕ್ಕಪತ್ರಗಳ ಕೆಲಸ ನಡೆಯುವ ಗಣಕಯಂತ್ರಗಳು. ಪಾಲು 6.

ಮೂರನೆಯ ವರ್ಗ: ಅರಿವು ಕೇಂದ್ರದ ಗಣಕಯಂತ್ರಗಳು ಮತ್ತು ಪಟ್ಟಿಯಲ್ಲಿಲ್ಲದ ಇತರ ಸಾಧನಗಳು. ಪಾಲು 2.

ನಾಲ್ಕನೆಯ ವರ್ಗ: ಹೊರಗಿನಿಂದ ಕ್ಯಾಮೆರಾ ದೃಶ್ಯಗಳನ್ನು ನೋಡುವ ಸಂಚಾರ, ಗಣಕಯಂತ್ರಗಳ ತಂತ್ರಾಂಶ ನವೀಕರಣ ಇತ್ಯಾದಿ. ಪಾಲು 1. ಇವುಗಳಲ್ಲಿ ಕ್ಯಾಮೆರಾ ಸಂಚಾರವನ್ನು ಮುದ್ರಣ ಪೆಟ್ಟಿಗೆಯ, ಅಂದರೆ ದೃಶ್ಯಗಳನ್ನು ದಾಖಲಿಸುವ ರೆಕಾರ್ಡರಿನ, ವಿಳಾಸದಿಂದ ಗುರುತಿಸಬಹುದು. ನವೀಕರಣವು ಕೌಂಟರಿನ ಗಣಕಯಂತ್ರದ ವಿಳಾಸದಿಂದಲೇ ಬರುವುದರಿಂದ ವಿಳಾಸ ನೋಡಿ ಬೇರ್ಪಡಿಸಲಾಗದು. ಅದನ್ನು ಕಚೇರಿಯ ವೇಳೆಯ ನಂತರ ನಡೆಯುವಂತೆ ಆಯಾ ಯಂತ್ರದಲ್ಲಿಯೇ ನಿಗದಿಪಡಿಸಬೇಕು.

ವೀಡಿಯೊ ಸಭೆ ಇಲ್ಲದಿರುವಾಗ ಎಲ್ಲ ವರ್ಗಗಳೂ ಏಕಕಾಲಕ್ಕೆ ಪೂರ್ಣ ಬಳಕೆಯಲ್ಲಿದ್ದರೆ, ಕೌಂಟರಿನ ವರ್ಗಕ್ಕೆ ಸುಮಾರು 6, ಅರಿವು ಕೇಂದ್ರದ ವರ್ಗಕ್ಕೆ 2, ಉಳಿದದ್ದಕ್ಕೆ 1 ಮೆಗಾಬಿಟ್ ದೊರೆಯುತ್ತದೆ. ವೀಡಿಯೊ ಸಭೆಯು 3 ಮೆಗಾಬಿಟ್ ಬಳಸುತ್ತಿರುವಾಗ ಉಳಿದ 6 ಮೆಗಾಬಿಟ್ ಅದೇ ಅನುಪಾತದಲ್ಲಿ ಹಂಚಿಕೆಯಾಗಿ ಕೌಂಟರಿಗೆ ಸುಮಾರು 4 ಉಳಿಯುತ್ತದೆ. ಕೌಂಟರು ಮುಚ್ಚಿದ ಸಂಜೆಯ ಹೊತ್ತಿನಲ್ಲಿ ಅರಿವು ಕೇಂದ್ರದ ವಿದ್ಯಾರ್ಥಿಗಳಿಗೆ ಬಹುಪಾಲು ವೇಗ ತಾನಾಗಿಯೇ ಸಲ್ಲುತ್ತದೆ.

ಕ್ಯಾಮೆರಾಗಳ ಕುರಿತು ಒಂದು ಮಾತು. ಕ್ಯಾಮೆರಾಗಳು ಮತ್ತು ರೆಕಾರ್ಡರು ಒಂದೇ ಸ್ವಿಚ್‌ಗೆ ಜೋಡಣೆಯಾಗಿದ್ದರೆ, ಅವುಗಳ ನಡುವಿನ ಸಂಚಾರವು ಅಂತರ್ಜಾಲದ ದಾರಿಗೆ ಹೋಗುವುದೇ ಇಲ್ಲ. ಹೊರಗಿನಿಂದ ದೃಶ್ಯಗಳನ್ನು ನೋಡುವಾಗ ಅಥವಾ ಅಂತರ್ಜಾಲದಲ್ಲಿ ಸಂಗ್ರಹಿಸುವಾಗ ಮಾತ್ರ ಅವು ಕೌಂಟರಿನೊಡನೆ ಸ್ಪರ್ಧಿಸುತ್ತವೆ.

9. ಕ್ರಮವನ್ನು ನಿರ್ಧರಿಸಬೇಕಾದವರು ಯಾರು

ನಿಯಮವನ್ನು ಸ್ವಿಚ್‌ನಲ್ಲಿ ಬರೆಯುವುದು ತಂತ್ರಜ್ಞರ ಕೆಲಸ. ಯಾರು ಮೊದಲು, ಯಾರು ನಂತರ ಎಂಬುದು ತಾಂತ್ರಿಕ ಪ್ರಶ್ನೆಯಲ್ಲ. ಅದು ಪಂಚಾಯತಿಯು ತೀರ್ಮಾನಿಸಬೇಕಾದ ವಿಷಯ. ತೀರ್ಮಾನವಿಲ್ಲದಿದ್ದರೆ ತಂತ್ರಜ್ಞರು ತಮಗೆ ತೋಚಿದಂತೆ, ಅಥವಾ ಆ ದಿನ ಹತ್ತಿರ ನಿಂತವರು ಹೇಳಿದಂತೆ ಬರೆಯುತ್ತಾರೆ. ಬರೆದದ್ದು ಹೊರಗೆ ಯಾರಿಗೂ ಕಾಣುವುದಿಲ್ಲ. ಕೌಂಟರಿನ ಮುಂದೆ ಸಾಲು ತಪ್ಪಿಸಿ ನುಗ್ಗಿದವರನ್ನು ಜನ ಪ್ರಶ್ನಿಸುತ್ತಾರೆ; ಸ್ವಿಚ್‌ನೊಳಗೆ ಸಾಲು ತಪ್ಪಿಸಿದ ಸಾಧನವನ್ನು ಪ್ರಶ್ನಿಸುವವರಿಲ್ಲ.

ಆದ್ದರಿಂದ ಆದ್ಯತೆಯು ಹುದ್ದೆಯನ್ನು ನೋಡದೆ ಕೆಲಸವನ್ನು ನೋಡಿ ನಿಗದಿಯಾಗಬೇಕು. ಅಧ್ಯಕ್ಷರ, ಸದಸ್ಯರ ಅಥವಾ ಅಧಿಕಾರಿಗಳ ವೈಯಕ್ತಿಕ ಸಾಧನಗಳು ಮೇಲಿನ ವರ್ಗದಲ್ಲಿ ಇರುವುದಕ್ಕೆ ಕಾರಣವಿಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011 ಅದರಡಿ ಬರುವ ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿದೆ. ಆ ಕಾಲಮಿತಿಗೆ ಒಳಪಟ್ಟ ಕೆಲಸ ನಡೆಯುವ ಯಂತ್ರವು ಮೇಲಿರುವುದು ನ್ಯಾಯ. ಹಾಗೆಯೇ, ಸ್ಪರ್ಧಾತ್ಮಕ ಪರೀಕ್ಷೆಗೆ ಅರ್ಜಿ ಸಲ್ಲಿಸಲು ಅರಿವು ಕೇಂದ್ರವನ್ನೇ ನಂಬಿರುವ ವಿದ್ಯಾರ್ಥಿಗೂ ಒಂದು ಪಾಲು ಉಳಿಯಬೇಕು.

ಸಾಮಾನ್ಯ ಸಭೆಯಲ್ಲಿ ವರ್ಗಗಳ ಕ್ರಮವನ್ನು ಚರ್ಚಿಸಿ ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ. ಅದರೊಡನೆ ಒಂದು ಸಾಧನ ವಹಿಯನ್ನು ತೆರೆಯಬೇಕು. ಅದರಲ್ಲಿ ಸಾಧನದ ಹೆಸರು, ಇರುವ ಕೊಠಡಿ, ದಾಸ್ತಾನು ವಹಿಯ ಕ್ರಮಸಂಖ್ಯೆ, ಮ್ಯಾಕ್ ವಿಳಾಸ, ನೀಡಿರುವ ವರ್ಗ, ನಮೂದಿಸಿದ ದಿನಾಂಕ ಮತ್ತು ಬದಲಾವಣೆಯ ಕಾರಣ ಎಂಬ ಅಂಕಣಗಳಿರಲಿ. ವಿಂಡೋಸ್ ಗಣಕಯಂತ್ರದಲ್ಲಿ ಜಾಲದ ವಿವರಗಳ ಪುಟದಲ್ಲಿ ಭೌತಿಕ ವಿಳಾಸವು ಕಾಣಸಿಗುತ್ತದೆ; ಕ್ಯಾಮೆರಾ ಮತ್ತು ಮುದ್ರಣಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಹಿಂಬದಿಯ ಚೀಟಿಯ ಮೇಲಿರುತ್ತದೆ.

10. ಖರೀದಿಗೆ ಮುನ್ನ ಮತ್ತು ಅಳವಡಿಕೆಯ ನಂತರ

ನಿಧಾನಗತಿಗೆ ದಟ್ಟಣೆಯೇ ಕಾರಣವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬೆಳಿಗ್ಗೆ ಕಚೇರಿ ತೆರೆದೊಡನೆ, ವೈಫೈ ಪೆಟ್ಟಿಗೆಯನ್ನು ಆರಿಸಿ, ಕೌಂಟರಿನ ಗಣಕಯಂತ್ರವೊಂದನ್ನೇ ಬಳಸಿ ನೋಡಬೇಕು. ಆಗಲೂ ಪುಟಗಳು ನಿಧಾನವಾಗಿದ್ದರೆ ದೋಷವು ಕೇಬಲ್, ಓಎನ್‌ಟಿ, ಗಣಕಯಂತ್ರ ಅಥವಾ ದೂರದ ಸರ್ವರ್‌ನಲ್ಲಿದೆ. ಯಾವ ಸ್ವಿಚ್ ತಂದರೂ ಅದು ನಿವಾರಣೆಯಾಗುವುದಿಲ್ಲ. ಆಗ ವೇಗವಾಗಿದ್ದು ಮಧ್ಯಾಹ್ನದ ದಟ್ಟಣೆಯಲ್ಲಿ ನಿಧಾನವಾದರೆ, ಆದ್ಯತೆಯಿಂದ ಪ್ರಯೋಜನವಿದೆ. ಒಂದು ವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ ಒಂದೇ ಪುಟವು ತೆರೆಯಲು ತೆಗೆದುಕೊಂಡ ಸಮಯವನ್ನು ಬರೆದಿಟ್ಟರೆ ಸಾಕು. ಅಳವಡಿಕೆಯ ನಂತರ ಹೋಲಿಸಲು ಅದೇ ಆಧಾರವಾಗುತ್ತದೆ.

ಎಲ್ಲ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ವಿಳಾಸ ಆಧಾರಿತ ಆದ್ಯತೆಯ ಸೌಲಭ್ಯ ಇರುವುದಿಲ್ಲ. ಅಗ್ಗದ ಕೆಲವು ಮಾದರಿಗಳು ಪೋರ್ಟನ್ನು ಅಥವಾ ಕಟ್ಟಿನ ಮೇಲಿನ ಮುದ್ರೆಯನ್ನು ಮಾತ್ರ ನೋಡುತ್ತವೆ. ಖರೀದಿಯ ವಿವರಣೆಯಲ್ಲಿ ಮೂರು ಅಂಶಗಳು ಸ್ಪಷ್ಟವಾಗಿರಬೇಕು: ಮ್ಯಾಕ್ ವಿಳಾಸದಿಂದ ವರ್ಗೀಕರಣ, ಕನಿಷ್ಠ ನಾಲ್ಕು ಸಾಲುಗಳು, ಮತ್ತು ಪ್ರತಿ ಪೋರ್ಟಿನ ಹೊರಹರಿವಿಗೆ ವೇಗಮಿತಿ. ಖರೀದಿಯು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ನಿಯಮಗಳಿಗೆ ಒಳಪಟ್ಟಿರತಕ್ಕದ್ದು.

ಅಳವಡಿಕೆಯ ದಿನ ನಾಲ್ಕು ಕೆಲಸಗಳು ತಪ್ಪಬಾರದು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿ ಇರಿಸಬೇಕು. ಸಾರ್ವಜನಿಕ ಬಳಕೆಯ ಪೋರ್ಟುಗಳಿಂದ ಬರುವ ಕಟ್ಟುಗಳ ಮೇಲಿನ ಆದ್ಯತೆಯ ಮುದ್ರೆಯನ್ನು ಸ್ವಿಚ್ ನಂಬದಂತೆ ಮಾಡಬೇಕು. ಇಲ್ಲವಾದರೆ ಯಾವ ಸಾಧನ ಬೇಕಾದರೂ ತನಗೆ ತಾನೇ ಮೇಲಿನ ಮಟ್ಟವನ್ನು ಬರೆದುಕೊಳ್ಳಬಹುದು. ಬರೆದ ನಿಯಮಗಳನ್ನು ಸ್ವಿಚ್‌ನ ಸ್ಥಿರ ಸ್ಮೃತಿಯಲ್ಲಿ ಉಳಿಸಬೇಕು. ಹಲವು ಸ್ವಿಚ್‌ಗಳಲ್ಲಿ ಉಳಿಸದ ನಿಯಮಗಳು ಮೊದಲ ವಿದ್ಯುತ್ ಕಡಿತಕ್ಕೇ ಅಳಿಸಿಹೋಗುತ್ತವೆ. ಆದ್ದರಿಂದ ಸ್ವಿಚ್ ಅನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿ, ನಿಯಮಗಳು ಉಳಿದಿವೆಯೇ ಎಂದು ತಂತ್ರಜ್ಞರ ಸಮಕ್ಷಮದಲ್ಲಿಯೇ ನೋಡಬೇಕು. ಕೊನೆಯದಾಗಿ, ಒಂದು ಮೊಬೈಲಿನಿಂದ ದೊಡ್ಡ ವೀಡಿಯೊ ಏರಿಸುತ್ತಾ, ಅದೇ ಹೊತ್ತಿನಲ್ಲಿ ಕೌಂಟರಿನಲ್ಲಿ ಪುಟವನ್ನು ತೆರೆದು ಸಮಯವನ್ನು ಅಳೆಯಬೇಕು. ಈ ಪರೀಕ್ಷೆಯ ನಂತರವೇ ಬಿಲ್ ಪಾವತಿಗೆ ಶಿಫಾರಸು ಮಾಡುವುದು ಒಳಿತು.

11. ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

(1) ನಿಧಾನಗತಿಗೆ ದಟ್ಟಣೆಯೇ ಕಾರಣ ಎಂಬುದಕ್ಕೆ ಬರೆದಿಟ್ಟ ಅಳತೆಗಳಿವೆಯೇ?

(2) ಈಗಿರುವ ರೂಟರಿನಲ್ಲಿಯೇ ಆದ್ಯತೆಯ ಸೌಲಭ್ಯವಿದೆಯೇ ಎಂದು ಪರಿಶೀಲಿಸಲಾಗಿದೆಯೇ?

(3) ಪೋರ್ಟ್ ಆಧಾರಿತ ಸರಳ ಕ್ರಮ ಸಾಕಾಗುವುದೇ? ಸಾಲದಿದ್ದರೆ ಕಾರಣವೇನು?

(4) ರೂಟರಿನ ಕಡೆಗಿನ ಪೋರ್ಟಿಗೆ ಎಷ್ಟು ಮಿತಿಯನ್ನು ವಿಧಿಸಲಾಗುತ್ತದೆ? ಆ ಅಂಕಿಯನ್ನು ಹೇಗೆ ನಿರ್ಧರಿಸಲಾಯಿತು?

(5) ಕೊನೆಯ ವರ್ಗಕ್ಕೂ ಒಂದು ಪಾಲು ಉಳಿದಿದೆಯೇ?

(6) ಸಾಧನ ದುರಸ್ತಿಯಾದಾಗ ಅಥವಾ ಬದಲಾದಾಗ ವಹಿಯನ್ನು ಮತ್ತು ಸ್ವಿಚ್ ಅನ್ನು ತಿದ್ದುವ ಹೊಣೆ ಯಾರದು?

ಆರು ತಿಂಗಳಿಗೊಮ್ಮೆ ಸಾಧನ ವಹಿಯನ್ನು ಸಭೆಯಲ್ಲಿ ಓದಿ, ಸ್ವಿಚ್‌ನಲ್ಲಿರುವ ಪಟ್ಟಿಯೊಡನೆ ತಾಳೆ ನೋಡುವುದು ಉತ್ತಮ. ವಹಿಯಲ್ಲಿಲ್ಲದ ವಿಳಾಸವೊಂದು ಮೇಲಿನ ವರ್ಗದಲ್ಲಿ ಕಂಡುಬಂದರೆ ಅದರ ಕಾರಣವನ್ನು ಕೇಳುವುದು ಸದಸ್ಯರ ಕರ್ತವ್ಯ. ಕೌಂಟರಿನ ಮುಂದೆ ನಿಂತ ಅರ್ಜಿದಾರರಿಗೆ ಸ್ವಿಚ್ ಎಂದರೇನೆಂದು ತಿಳಿದಿರಬೇಕಾಗಿಲ್ಲ. ಬಂದ ದಿನವೇ ಕೆಲಸ ಮುಗಿಸಿಕೊಂಡು ಊರಿಗೆ ಮರಳುವಂತಾದರೆ ಪಂಚಾಯತಿಯ ತೀರ್ಮಾನವು ಸರಿಯಾಗಿ ಜಾರಿಯಾಗಿದೆ ಎಂದೇ ಅರ್ಥ.